ಮತ್ತಿ ಮರದ ತಿರುವಿನ ಬಾಟಲಿಗಳು

ಮತ್ತಿ ಮರದ ತಿರುವು ಬಂದ ಕೂಡಲೇ ಅಫ್ರೋಜ್ ಮೈಕು ಬಂದ್ ಮಾಡುತ್ತಾನೆ. ಸಿರ್ಸಿಯಿಂದ ಹೇರೂರಿನವರೆಗೂ ಅವನ ಗೂಡ್ಸ್ ರಿಕ್ಷಾದ ನೆತ್ತಿಯ ಮೇಲೆ ಅದು ಒಂದೇ ಸಮನೆ ಕೂಗಿಕೊಂಡು ಬಂದಿರುತ್ತದೆ: “ಹಳೇ ಕಬ್ಬಿಣ, ಹಳೇ ಪೇಪರ್, ಪ್ಲಾಸ್ಟಿಕ್, ಖಾಲಿ ಬಾಟ್ಲೀ...” ಧ್ವನಿ ಅವನ ಹೆಂಡತಿ ಸಾಮಿಯಾಳದ್ದು. ಮೊಬೈಲಿನಲ್ಲಿ ಒಮ್ಮೆ ಹೇಳಿಸಿ ತುಂಬಿಕೊಂಡದ್ದು. ಕೊನೆಯ ಪದವನ್ನು ಅವಳು ಸ್ವಲ್ಪ ಎಳೆದಿದ್ದಾಳೆ. ತಿರುವಿನಾಚೆಯ ಮನೆಗಳಿಗೆ ಆಗಿಬರದಿರುವುದು ಆ ಒಂದು ಪದವೇ.

ಅಲ್ಲಿಂದ ಮುಂದೆ ಗಾಡಿ ಸದ್ದಿಲ್ಲದೆ ಹೋಗಬೇಕು. ಅಫ್ರೋಜ್‌ನ ಅಪ್ಪ ರಸೂಲ್ ಸೈಕಲ್ಲಿಗೆ ಗೋಣಿ ಕಟ್ಟಿಕೊಂಡು ಬರುತ್ತಿದ್ದ ಕಾಲದಿಂದಲೂ ಇದು ಹೀಗೆಯೇ. ಮನೆಗಳ ಗೇಟಿನಿಂದ ಒಂದಿಷ್ಟು ದೂರದಲ್ಲಿ, ಬೇಲಿಯ ಗೂಟಕ್ಕೋ ಗೇರು ಮರದ ಕೊಂಬೆಗೋ, ದನದ ಹಿಂಡಿ ಬಂದ ಖಾಲಿ ಚೀಲಗಳು ನೇತಾಡುತ್ತಿರುತ್ತವೆ. ಬಾಯಿ ಬಿಗಿದು ಕಟ್ಟಿರುತ್ತದೆ. ಒಳಗೇನಿದೆ ಎಂದು ಅವನು ಕೇಳುವುದಿಲ್ಲ. ಯಾರ ಮನೆಯದು ಎಂದು ಯಾರೂ ಹೇಳುವುದಿಲ್ಲ. ಕೊಟ್ಟದ್ದಕ್ಕೆ ದುಡ್ಡು ಕೇಳುವವರಿಲ್ಲ. “ಚೀಲ ನೋಡು, ಮನೆ ನೋಡಬೇಡ” ಎಂದು ರಸೂಲ್ ಹೇಳಿಕೊಟ್ಟಿದ್ದ. ಗುಜರಿ ವ್ಯಾಪಾರದಲ್ಲಿ ಅಪ್ಪ ಕಲಿಸಿದ ಉಳಿದ ಪಾಠಗಳೆಲ್ಲ ಕಾಲಕ್ಕೆ ತಕ್ಕಂತೆ ಬದಲಾದವು. ಇದೊಂದು ಬದಲಾಗಲಿಲ್ಲ.

ಚೀಲ ಇಳಿಸಿಕೊಂಡ ಮೇಲೆ ಬಾಟಲಿ ಬಾಟಲಿಯ ನಡುವೆ ಹಳೇ ಸೀರೆಯ ತುಂಡು ತುರುಕುತ್ತಾನೆ. ಇಲ್ಲದಿದ್ದರೆ ಗುಂಡಿ ಬಿದ್ದ ರಸ್ತೆಯಲ್ಲಿ ಗಾಡಿ ಕುಲುಕಿದಾಗೆಲ್ಲ ಗಾಜು ಗಾಜಿಗೆ ತಾಗಿ ಊರಿಗೆಲ್ಲ ಸುದ್ದಿ ಹೇಳಿಬಿಡುತ್ತದೆ. ಸೀರೆ ತುಂಡುಗಳನ್ನು ಕತ್ತರಿಸಿಕೊಡುವವಳು ಅವನ ತಾಯಿ ಬಿಸ್ಮಿಲ್ಲಾ ಬಿ. ಅಫ್ರೋಜ್ ಹುಟ್ಟಿದಾರಭ್ಯ ಒಂದು ಹನಿ ಮದ್ಯ ಬಾಯಿಗೆ ಹಾಕಿದವನಲ್ಲ. ಆದರೂ ಮಂಗಳವಾರ ಸಂಜೆ ಅಂಗಳದಲ್ಲೇ ಅಂಗಿ ಬಿಚ್ಚಿಟ್ಟು, ಸ್ನಾನ ಮಾಡಿಕೊಂಡೇ ಅವನು ಒಳಗೆ ಬರಬೇಕು.

“ಕುಡಿದವರ ಮನೇಲಿ ಊದುಬತ್ತಿ, ನಮ್ಮ ಮನೇಲಿ ವಾಸನೆ” ಎಂದು ಬಿಸ್ಮಿಲ್ಲಾ ಬಿ ವಾರಕ್ಕೊಮ್ಮೆ ಗೊಣಗುತ್ತಾಳೆ. ಅಫ್ರೋಜ್ ನಕ್ಕು ಬಿಡುತ್ತಿದ್ದ. ಫೆಬ್ರವರಿಯ ಆ ಮಂಗಳವಾರದ ನಂತರ ನಗುವುದನ್ನು ಬಿಟ್ಟ.

ಆ ದಿನ ಅವನು ಚೀಲಗಳನ್ನು ಬೇಗ ಬೇಗ ಇಳಿಸಿಕೊಂಡು ಪಂಚಾಯಿತಿ ಕಟ್ಟಡದ ಎದುರು ಗಾಡಿ ನಿಲ್ಲಿಸಿದ. ಸಭೆ ಇತ್ತು. ಮಾತಾಡಬೇಕಾದ ವಿಷಯ ಎರಡು. ನೀರಿನ ಬಾಟಲಿ, ತಂಪು ಪಾನೀಯದ ಬಾಟಲಿ, ಕ್ಯಾನು, ಮದ್ಯದ ಬಾಟಲಿ ಎಲ್ಲಕ್ಕೂ ಕೊಳ್ಳುವಾಗ ಹತ್ತು ರೂಪಾಯಿ ಠೇವಣಿ ಇಟ್ಟು, ಖಾಲಿ ಮಾಡಿ ಮರಳಿಸಿದಾಗ ವಾಪಸ್ ಪಡೆಯುವ ಪದ್ಧತಿಯನ್ನು ತಾಲೂಕಿನಲ್ಲಿ ಪ್ರಯೋಗಕ್ಕೆ ತರಬಹುದೇ ಎಂದು ಊರಿನ ಅಭಿಪ್ರಾಯ ಕೇಳಿದ್ದರು. ಅದು ಒಂದು. ಗುಜರಿ ಗಾಡಿಗಳನ್ನು ಪಂಚಾಯಿತಿ ಗಡಿಯೊಳಗೆ ಬಿಡಬೇಕೋ ಬೇಡವೋ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಕಾರಣ ನಾಗಿಯ ಕೈ.

ನಾಗಿ ಕೂಲಿಯವಳು. ಚಳಿಗಾಲ ಕಳೆಯುವ ಹೊತ್ತಿಗೆ ಬೆಟ್ಟದಲ್ಲಿ ಉದುರಿದ ಒಣ ಎಲೆಯನ್ನು, ಇಲ್ಲಿಯವರ ಮಾತಿನಲ್ಲಿ ದರಕನ್ನು, ಗುಡಿಸಿ ಕೊಟ್ಟಿಗೆಗೆ ಹೊರುವುದು ಅವಳ ಕೆಲಸ. ಗುಡಿಸಿದ್ದನ್ನು ಅಂಗೈಯಲ್ಲೇ ಒತ್ತಿ ಒತ್ತಿ ಬುಟ್ಟಿಗೆ ತುಂಬಬೇಕು. ಜನವರಿಯಲ್ಲಿ ಹೀಗೆ ಒತ್ತುವಾಗ ಎಲೆಯಡಿ ಇದ್ದ ಒಡೆದ ಬಾಟಲಿ ಅವಳ ಬಲಗೈಯನ್ನು ಸೀಳಿತು. ದರಕು ಸರಿಸಿ ನೋಡಿದರೆ ಅಲ್ಲೊಂದು ರಾಶಿಯೇ ಇತ್ತು. ಹೊಲಿಗೆ ಬಿಚ್ಚಿದ ಮೇಲೂ ಎರಡು ಬೆರಳು ಮಡಚಲಿಲ್ಲ.

ಅಫ್ರೋಜ್ ಸಭೆಗೆ ಬರುವಾಗಲೇ ಒಂದು ತೀರ್ಮಾನ ಮಾಡಿಕೊಂಡಿದ್ದ. ಠೇವಣಿ ಪದ್ಧತಿ ಬೇಡ ಎಂದು ಹೇಳಬೇಕು. ಅಂಗಡಿಯವರೇ ಬಾಟಲಿ ವಾಪಸ್ ತೆಗೆದುಕೊಂಡರೆ ತನಗೆ ಉಳಿಯುವುದೇನು, ತುಕ್ಕು ಹಿಡಿದ ತಗಡು ಮತ್ತು ಹಳೇ ಪೇಪರ್. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲೇ ತಿರುಗಿಸುತ್ತ ಬಂದಿದ್ದ.

ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ನಮಿತಾ ಪದ್ಧತಿಯನ್ನು ವಿವರಿಸಿದರು. ಬಾಟಲಿಯನ್ನು ಕೊಂಡ ಅಂಗಡಿಗೇ ಕೊಡಬೇಕೆಂದಿಲ್ಲ, ಹತ್ತಿರದ ಯಾವ ಅಂಗಡಿಗಾದರೂ ಕೊಡಬಹುದು. ನೀಲಗಿರಿ ಕಡೆ ಮದ್ಯದ ಬಾಟಲಿಗೆ ಇದನ್ನು ಮಾಡಿದ್ದಾರೆ ಎಂದರು. ಕಾಳುಮೆಣಸಿನ ವ್ಯಾಪಾರ ಮಾಡುವ ತುಷಾರ ಎದ್ದು ನಿಂತ.

“ಎಂತ ಮೇಡಂ, ಹಗಲು ಹೊತ್ತಲ್ಲಿ ಖಾಲಿ ಬಾಟ್ಲಿ ಹಿಡ್ಕಂಡು ಊರ ಅಂಗಡಿ ಮುಂದೆ ನಿಲ್ಲೂದಾ? ಯಾರಾದ್ರೂ ನೋಡಿದ್ರೆ?”

“ತುಂಬಿದ್ದು ತರುವಾಗ ಯಾರೂ ನೋಡೂದಿಲ್ವನಾ?” ಎಂದು ಹಿಂದಿನಿಂದ ಯಾರೋ ಕೆಣಕಿದರು.

“ಅದಕ್ಕೇ ಅಲ್ದನಾ ಆನು ಸಿರ್ಸಿವರೆಗೆ ಹೋಗ್ತೆ!” ತುಷಾರ ತನ್ನ ಗುಟ್ಟನ್ನು ತಾನೇ ಹೇಳಿಬಿಟ್ಟ.

ಸಭೆ ಗೊಳ್ಳೆಂದಿತು. ತುಷಾರನ ಕಿವಿ ಕೆಂಪಾಯಿತು. “ಅಂದ್ರೆ, ಹೋಗುವವರ ಬಗ್ಗೆ ಹೇಳಿದ್ದು” ಎಂದು ಕೂತ. ನಕ್ಕವರಲ್ಲಿ ಹೆಚ್ಚಿನವರು ಕೂಡಲೇ ನಗು ನಿಲ್ಲಿಸಿ ಫ್ಯಾನು ನೋಡತೊಡಗಿದರು. ಆ ಸಭೆಯಲ್ಲಿ ಯೋಜನೆಗೆ ಬಂದ ನಿಜವಾದ ಆಕ್ಷೇಪಣೆ ಅದೊಂದೇ. ಆಮೇಲೆ ಬಂದವೆಲ್ಲ ಅದಕ್ಕೆ ಹೊದಿಸಿದ ಶಾಲುಗಳು: ಅಂಗಡಿಯಲ್ಲಿ ಜಾಗ ಇಲ್ಲ, ಬಾಟಲಿಗೆ ಅಂಟಿಸುವ ಠೇವಣಿ ಚೀಟಿ ಮಳೆಗೆ ಕಿತ್ತು ಹೋಗುತ್ತದೆ, ಬಡವನ ಮೇಲೆ ಹೊರೆ, ಸರ್ಕಾರಕ್ಕೆ ಬೇರೆ ಕೆಲಸ ಇಲ್ಲ.

ನಮಿತಾ ನಾಗಿಯನ್ನು ಮಾತಾಡಿಸಿದರು. ಅವಳು ಕೈಯನ್ನು ಸೆರಗಿನಿಂದ ಹೊರಗೆ ತೆಗೆದಳು.

“ಕತ್ತಿ ಹಿಡಿಯೂಕೆ ಆಗೂದಿಲ್ರಾ ಅಮ್ಮ. ಒಲೆ ಮೇಲಿನ ಪಾತ್ರೆ ಇಳಿಸೂಕೂ ಮಗಳನ್ನ ಕರೀಬೇಕು. ಹತ್ತು ರೂಪಾಯಿನೋ ಇಪ್ಪತ್ತೋ, ನಂಗೆ ಎಂತ ಗೊತ್ತು. ಬಾಟ್ಲಿ ಬೆಟ್ಟಕ್ಕೆ ಬರೂದು ನಿಂತ್ರೆ ಸಾಕು.”

ಆಗ ಮಾಬಲೇಶ್ವರ ಹೆಗಡೆಯವರು ಎದ್ದರು. ಊರಿನ ನಾಲ್ಕು ಸಮಿತಿಗಳಲ್ಲಿ ಇರುವ, ಸಮಾಧಾನದಿಂದ ಮಾತಾಡುವ ಮನುಷ್ಯ.

“ನಾಗಿಗೆ ಆದದ್ದು ಅನ್ಯಾಯವೇ. ಆದರೆ ಬೆಟ್ಟಕ್ಕೆ ಬಾಟ್ಲಿ ತಂದು ಸುರಿದವರು ಯಾರು? ನಮ್ಮೂರಲ್ಲಿ ಕುಡಿಯುವವರಾದರೂ ಎಷ್ಟು ಜನ ಇದ್ದಾರೆ? ಈ ಗುಜರಿಯವರು ಕಬ್ಬಿಣ, ಕ್ಯಾನು ಆರಿಸಿಕೊಂಡು, ಬೇಡದ ಗಾಜನ್ನು ಇಲ್ಲೇ ಚೆಲ್ಲಿ ಹೋಗ್ತಾರೆ. ಮೊದಲು ಅದನ್ನ ನಿಲ್ಲಿಸುವಾ. ಠೇವಣಿ ಗೀವಣಿ ಆಮೇಲೆ ನೋಡುವಾ.”

ಗುಜರಿಯವರು ಎಂದು ಬಹುವಚನದಲ್ಲಿ ಹೇಳಿದರೂ ಆ ದಾರಿಗೆ ಬರುವ ಗಾಡಿ ಒಂದೇ. ಅದು ಹೊರಗೆ ನಿಂತಿತ್ತು. ಅದರೊಳಗೆ, ಹಳೇ ಸೀರೆಯ ತುಂಡುಗಳ ನಡುವೆ, ಹೆಗಡೆಯವರ ಬೇಲಿಯ ಗೂಟದಿಂದ ಅಂದು ಬೆಳಿಗ್ಗೆ ಇಳಿಸಿಕೊಂಡ ಚೀಲವೂ ಇತ್ತು.

ಅಫ್ರೋಜ್ ಕಾದ. ಯಾರಾದರೂ ಒಂದು ಮಾತು ಹೇಳಿಯಾರು ಎಂದುಕೊಂಡ. ಹೆಸರು ಹೇಳುವುದು ಬೇಡ. ‘ಅವನು ಅಂಥವನಲ್ಲ’ ಅಂದರೂ ಸಾಕಿತ್ತು. ಅಪ್ಪನ ಕಾಲದಿಂದ ಈ ಮನೆಗಳ ಮರ್ಯಾದೆಯನ್ನು ಸೀರೆಯಲ್ಲಿ ಸುತ್ತಿ ಹೊತ್ತು ಸಾಗಿಸಿದ್ದಾನೆ. ತುಷಾರ ಮೊಬೈಲು ತೆಗೆದ. ಹೆಂಗಸರ ಸಾಲಿನಲ್ಲಿ ಕೂತಿದ್ದ ಹೆಗಡೆಯವರ ಹೆಂಡತಿ ಪರಿಮಳಾ ನೆಲ ನೋಡಿದರು. ಚೀಲದ ಬಾಯಿಗೆ ಬಾಳೆಯ ನಾರು ಸುತ್ತಿ ಗಂಟು ಹಾಕುವವರು ಅವರೇ.

ಅಫ್ರೋಜ್ ಎದ್ದ.

“ಹೆಗಡೇರೇ, ಆಷಾಢದಲ್ಲಿ ಕಾಲು ಮುರ್ಕೊಂಡು ಎರಡು ತಿಂಗಳು ಮಂಚ ಹಿಡಿದಿದ್ದೆ. ನನ್ನ ಗಾಡಿ ಈ ದಾರಿಗೆ ಬರಲೇ ಇಲ್ಲ. ಬೆಟ್ಟದಲ್ಲಿರೋ ರಾಶಿ ಆ ಎರಡು ತಿಂಗಳದ್ದು. ಬಾಟ್ಲಿ ಮೇಲೆಲ್ಲ ಮಳೆಗಾಲದ ಪಾಚಿ ಕಟ್ಟಿದೆ, ಹೋಗಿ ನೋಡಿ.”

“ಬಂದಿರಲಿಲ್ಲ ಅನ್ನೂದಕ್ಕೆ ಸಾಕ್ಷಿ ಯಾರು?” ಹೆಗಡೆಯವರು ಮೆತ್ತಗೆ ಕೇಳಿದರು.

ಅಫ್ರೋಜ್‌ಗೆ ಮೈ ಉರಿಯಿತು. ಮಂಚದ ಮೇಲೆ ಕಾಲು ಎತ್ತಿಕೊಂಡು ಮಲಗಿದ್ದಾಗ ಇದೇ ಹೆಗಡೆಯವರು ಫೋನ್ ಮಾಡಿದ್ದರು, ಒಮ್ಮೆಯಲ್ಲ ಎರಡು ಸಲ. ಎಂತ ಅಫ್ರೋಜ್, ಯಾವಾಗ ಬರ್ತೀಯೋ ಮಾರಾಯಾ, ಇಲ್ಲಿ ಇಟ್ಟುಕೊಳ್ಳೋಕೆ ಜಾಗ ಇಲ್ಲ, ಮನೆಗೆ ನೆಂಟರು ಬರ್ತಾರೆ ಎಂದಿದ್ದರು. ಬೇರೆಯವರೂ ಮಾಡಿದ್ದರು. ಕಾಲು ಹೇಗಿದೆ ಎಂದು ಕೇಳಿದವನು ತುಷಾರ ಒಬ್ಬನೇ.

ಹೆಸರು ಹೇಳುವುದು ಈಗ ಬಾಯಿ ತೆರೆಯುವಷ್ಟು ಸುಲಭವಿತ್ತು. ಅವನು ಹೇಳಲಿಲ್ಲ. ಅಪ್ಪನ ಮಾತು ನೆನಪಾಗಿ ಅಲ್ಲ. ಇವರ ಮುಂದೆ ಇವರ ಹೆಸರು ಹೇಳಿ ತಾನು ಸಾಚಾ ಎನಿಸಿಕೊಳ್ಳಬೇಕಾದ ಸ್ಥಿತಿಯೇ ಅವನಿಗೆ ಹೇಸಿಗೆಯಾಯಿತು.

“ಸಾಕ್ಷಿ ಈ ಕೋಣೆ ತುಂಬಾ ಕೂತಿದೆ. ಫೋನ್ ಮಾಡಿದವರಿಗೆ ಗೊತ್ತಿದೆ, ನಾನು ಯಾರು ಅಂತ ಹೇಳೂದಿಲ್ಲ” ಎಂದ. ಆಮೇಲೆ ನಮಿತಾ ಕಡೆ ತಿರುಗಿದ. “ಮೇಡಂ, ಈ ಠೇವಣಿ ಬಂದ್ರೆ ನನ್ನ ಬಾಟ್ಲಿ ವ್ಯಾಪಾರ ಹೋಗ್ತದೆ. ಬೇಡ ಅಂತ ಹೇಳೂಕೇ ಬಂದವ ನಾನು. ಈಗ ಬೇಕು ಅಂತ ಬರ್ಕೊಳ್ಳಿ. ಬಾಟ್ಲಿ ತುಂಬಿರೋತನಕ ಒಡೆಯ ಇರ್ತಾನೆ. ಖಾಲಿಯಾದ ಕೂಡ್ಲೇ ಅದು ಗುಜರಿಯವಂದು. ಹತ್ತು ರೂಪಾಯಿ ಇಟ್ರೆ ಖಾಲಿ ಬಾಟ್ಲಿಗೂ ಒಬ್ಬ ಒಡೆಯ ಇರ್ತಾನೆ. ನಾಗಕ್ಕನ ಕೈಗೆ ಯಾರು ಉತ್ತರ ಹೇಳ್ಬೇಕು ಅಂತ ಆಗ ಗೊತ್ತಾಗ್ತದೆ.”

“ಅವ ಮಾತಾಡೂದು ಸಮಾ ಅದೆ” ಎಂದು ನಾಗಿ ಗಟ್ಟಿಯಾಗಿಯೇ ಹೇಳಿದಳು. ಅವಳ ಮಾತನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಕೈ ಎತ್ತಿಸಿದರು. ಠೇವಣಿ ಪದ್ಧತಿ ಸದ್ಯಕ್ಕೆ ಬೇಡ ಎಂದು ಠರಾವಾಯಿತು. ಗುಜರಿ ವಾಹನಗಳಿಗೆ ಪ್ರವೇಶ ಇಲ್ಲ ಎಂದು ಇನ್ನೊಂದು. ನಮಿತಾ ಮುಖ ಬಿಗಿದುಕೊಂಡು ಎರಡನ್ನೂ ಬರೆದುಕೊಂಡರು. ಸಭೆ ಮುಗಿದ ಮೇಲೆ ಚಹ ಮತ್ತು ಅವಲಕ್ಕಿ ಇತ್ತು. ಹೆಗಡೆಯವರು ತಾವೇ ಒಂದು ತಟ್ಟೆ ತಂದು ಅಫ್ರೋಜ್ ಮುಂದೆ ಹಿಡಿದರು.

“ಮನಸ್ಸಿಗೆ ಹಚ್ಕೋಬೇಡ ಮಾರಾಯಾ. ಊರ ವಿಷಯ, ಹಾಂಗೆ ಹೇಳ್ಬೇಕಾಗ್ತದೆ.”

“ಹಸಿವಿಲ್ಲ ಹೆಗಡೇರೇ” ಎಂದು ಅಫ್ರೋಜ್ ಹೊರಟ.

ಆ ಸಂಜೆ ಅಂಗಳದಲ್ಲಿ ಅಂಗಿ ಬಿಚ್ಚದೆ ಕಲ್ಲಿನ ಮೇಲೆ ಕೂತುಬಿಟ್ಟ. ಬಿಸ್ಮಿಲ್ಲಾ ಬಿ ಎಲ್ಲ ಕೇಳಿಕೊಂಡಳು. ಮುಂದಿನ ವಾರಕ್ಕೆಂದು ಕತ್ತರಿಸಲು ತೆಗೆದಿದ್ದ ಹಳೇ ಸೀರೆಯನ್ನು ಮಡಚಿ ಪೆಟ್ಟಿಗೆಯೊಳಗೆ ಇಟ್ಟಳು.

ಮತ್ತಿ ಮರದ ತಿರುವಿನಲ್ಲಿ ಪಂಚಾಯಿತಿಯ ಹೊಸ ಫಲಕ ಎದ್ದಿತು. ಮುಂದಿನ ಮಂಗಳವಾರ ಅಫ್ರೋಜ್ ಫಲಕಕ್ಕಿಂತ ಈಚೆ, ಬಸ್ ತಂಗುದಾಣದ ಪಕ್ಕ, ಗಾಡಿ ನಿಲ್ಲಿಸಿದ. ಮೈಕು ಬಂದ್ ಮಾಡಲಿಲ್ಲ. ಅಷ್ಟೇ ಅಲ್ಲ, ಅದರ ಬಾಯಿಯನ್ನು ಊರಿನ ಕಡೆಗೆ ತಿರುಗಿಸಿದ. ಸಾಮಿಯಾಳ ಧ್ವನಿ ಮೊದಲ ಸಲ ಆ ತಿರುವು ದಾಟಿತು: “ಖಾಲಿ ಬಾಟ್ಲೀ... ಖಾಲಿ ಬಾಟ್ಲೀ...”

ಫಲಕದಾಚೆ ಬೇಲಿ ಬೇಲಿಗೂ ಚೀಲಗಳು ಎಂದಿನಂತೆ ನೇತಾಡುತ್ತಿದ್ದವು. ಗುಜರಿ ಗಾಡಿ ಬರಬಾರದು ಎಂದು ಕೈ ಎತ್ತಿದವರೇ, ಅದು ಬಂದು ಒಯ್ಯುತ್ತದೆ ಎಂದು ಅವನ್ನು ಕಟ್ಟಿ ಹೋಗಿದ್ದರು. ಬಸ್ಸಿನವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದರು. ಒಂದು ಬೈಕು ಬಂತು, ಗಾಡಿ ಕಂಡು ನಿಧಾನ ಮಾಡಿತು, ಮೈಕಿನ ಸದ್ದಿಗೆ ಬೆದರಿ ಹಾಗೇ ಹೋಯಿತು. ಬಹಳ ಹೊತ್ತು ಯಾರೂ ಬರಲಿಲ್ಲ.

ಆಮೇಲೆ ಒಳಗಿನಿಂದ ಒಂದು ಸ್ಕೂಟರು ಬಂತು. ಕಾಲಿನ ಬಳಿ ಹಿಂಡಿಯ ಚೀಲ, ಬಾಯಿ ಕಟ್ಟಿಲ್ಲದ್ದು. ಗುಂಡಿಗಳಲ್ಲಿ ಸ್ಕೂಟರು ಕುಲುಕಿದಾಗೆಲ್ಲ ಬಾಟಲಿಗಳು ಗಲಗಲ ಎನ್ನುತ್ತಿದ್ದವು. ಪರಿಮಳಾ ಇಳಿದು ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಗಾಡಿಗೆ ಇಟ್ಟರು.

“ಬಟ್ಟೆ ಸುತ್ತೂದು ಎಂತಕ್ಕೆ, ಬೇಡ” ಎಂದರು. “ಅವತ್ತು ನಾನು ಎದ್ದು ಹೇಳ್ಬೇಕಿತ್ತು ತಮ್ಮಾ.”

“ಹೌದು ಅಮ್ಮ, ಹೇಳ್ಬೇಕಿತ್ತು” ಎಂದ ಅಫ್ರೋಜ್. ಅವರನ್ನು ಸಮಾಧಾನ ಮಾಡಲು ಹೋಗಲಿಲ್ಲ.

ಪಂಚಾಯಿತಿಯ ಠರಾವು ತಾಲೂಕಿಗೆ ಹೋಗಿದೆ. ನಾಗಿಯ ಎರಡು ಬೆರಳು ಇನ್ನೂ ಮಡಚಿಲ್ಲ. ಮಂಗಳವಾರ ಬೆಳಿಗ್ಗೆ ಅಫ್ರೋಜ್‌ನ ಗಾಡಿ ಮತ್ತೆ ತಂಗುದಾಣದ ಪಕ್ಕ ನಿಲ್ಲುತ್ತದೆ, ಮೈಕಿನ ಬಾಯಿ ಊರಿನ ಕಡೆಗೆ. ಬಾಟಲಿ ಇದ್ದವರು ಅಲ್ಲಿಯವರೆಗೆ ಕೈಯಲ್ಲಿ ಹಿಡಿದುಕೊಂಡು ಬರಬೇಕು.