ಅಜ್ಜಿ ಬಾವಿಗೆ ಸುರಿಸಿದ ನಲ್ಲಿ ನೀರು

ಈಗ ಒಂದೊಂದು ಮನೇಲಿ ಆರೇಳು ನಲ್ಲಿ ಇರ್ತವೆ, ಯಾವುದಕ್ಕೂ ಮರ್ಯಾದೆ ಇಲ್ಲ. ನಾನು ಲಂಗ ಹಾಕ್ಕೊಂಡು ಮಳವಳ್ಳಿ ಬೀದೀಲಿ ಧೂಳೆಬ್ಬಿಸ್ತಿದ್ದಾಗ ಸುತ್ತಲ ಕೇರಿಗೆಲ್ಲ ಒಂದೇ ನಲ್ಲಿ, ಅದೂ ಹೊಸದು. ಎಲ್ಲೋ ಯುದ್ಧ ನಡೀತಿದೆ ಅಂತ ಸೀಮೆಎಣ್ಣೆ ಸಿಕ್ತಿರಲಿಲ್ಲ, ಆದ್ರೆ ನಮ್ಮ ಬೀದಿ ಮೂಲೇಗೆ ನಲ್ಲಿ ಬಂತು ನೋಡಿ! ಕಬ್ಬಿಣದ ಕಂಬ, ಹಿತ್ತಾಳೆ ಮೂತಿ. ಮರಿಮಗಳು ಫೋನಲ್ಲಿ ಕನ್ನಡ ಒತ್ತೋದು ಹೇಳ್ಕೊಟ್ಟವಳೆ, ಅದಕ್ಕೇ ಈ ಕತೆ ಬರೀತಿದ್ದೀನಿ. ಹೋದ ವಾರ ನನ್ನ ತಮ್ಮ ಸಿವಲಿಂಗ ನನ್ನ ಹೊಟ್ಟೆ ಉರಿಸಿ ಹೋದ. ಅದನ್ನ ಕೊನೇಲಿ ಹೇಳ್ತೀನಿ.

ಮಂಡ್ಯದ ಕಡೆಯೋರು ನಾಲೆ ನೀರಿನೋರು, ಕಬ್ಬು ಭತ್ತ ಅಂತ ಮೆರೀತಿದ್ರು. ನಮ್ಮದು ಒಣಸೀಮೆ. ಮನೆ ಹಿತ್ತಲಲ್ಲಿ ಒಂದು ಬಾವಿ ಇತ್ತು, ಅದರದ್ದು ಸೌಳು ನೀರು. ಬಾಯಿಗಿಟ್ರೆ ನಾಲಿಗೆಗೆ ಅಂಟ್ಕೊಳ್ಳೋದು. ಅವರೆಕಾಳು ಬೆಳಗ್ಗೆ ಒಲೆ ಮೇಲಿಟ್ರೆ ಮಧ್ಯಾಹ್ನಕ್ಕೂ ಗೋಲಿ ಥರ ಉಳ್ಕೊಳ್ಳೋದು. ಉಪ್ಸಾರಿಗೆ ಉಪ್ಪೇ ಬ್ಯಾಡ ಅಂತ ಅಪ್ಪ ನಗಾಡೋರು. ನಲ್ಲಿ ನೀರು ಬಂದ ದಿನ ಎದುರು ಮನೆ ಜೈನಬಿ ಚಿಕ್ಕಮ್ಮನ ಮನೇಲಿ ಬೇಳೆ ಬೆಣ್ಣೆ ಥರ ಬೆಂದಿತ್ತಂತೆ. ಆ ವಾಸನೆ ಬೀದಿ ದಾಟಿ ನಮ್ಮನೆವರೆಗೂ ಬಂತು. ನಮ್ಮನೇಲಿ ಮಾತ್ರ ಗೋಲಿ ಕಾಳು.

ಯಾಕೆ ಅಂದ್ರೆ ನಮ್ಮಜ್ಜಿ. ಅಪ್ಪನ ತಾಯಿ, ದ್ಯಾವಜ್ಜಿ. ನಲ್ಲಿ ಹಾಕಕ್ಕೆ ಬಂದಿದ್ದ ಆಳು ನಮ್ಮ ಜಗಲಿ ಮೇಲೆ ಕೂತು ಅದರ ಮೂತಿ ಬಿಚ್ಚಿದ. ಒಳಗಿಂದ ಕರ್ರಗಿನ ದುಂಡನೆ ಬಿಲ್ಲೆ ಬಿತ್ತು. ಅಜ್ಜಿ ಕಣ್ಣು ಅದರ ಮೇಲೆ.

"ಅದೇನ್ಲಾ ಅದು?"

"ವಾಸರ್ರು ಕಣಜ್ಜಿ. ಅದಿಲ್ದಿದ್ರೆ ನೀರು ಸೋರ್ತದೆ."

"ಯಾತರದ್ದು?"

"ತೊಗಲಿಂದು."

ಮುಗೀತು. ಆ ಬಡಪಾಯಿ 'ಗೊತ್ತಿಲ್ಲ' ಅಂದಿದ್ರೆ ನನ್ನ ಸೊಂಟ ಉಳೀತಿತ್ತು. "ತೊಗಲು ತೊಳೆದ ನೀರು ನನ್ನ ಅಡುಗೆಮನೆಗೆ ಬರಕೂಡದು" ಅಂತ ಅಜ್ಜಿ ಬೀದಿಗೆಲ್ಲ ಕೇಳೋ ಹಂಗೆ ಸಾರಿದ್ಲು.

ನಾನು ಸುಮ್ಮನಿರೋ ಪೈಕೀನಾ? "ಅಲ್ಲ ಕಣಜ್ಜಿ, ಹೊಲದಲ್ಲಿ ಕಪಿಲೆ ಹೊಡೀತಾರಲ್ಲ, ಎತ್ತು ಎಳೆಯೋ ಆ ಚೀಲ ತೊಗಲಿಂದೇ ತಾನೆ? ಅದರ ನೀರ ಬೊಗಸೇಲಿ ಹಿಡ್ದು ಕುಡೀತೀಯಲ್ಲ?"

"ಅದು ಹೊಲ, ಇದು ಮನೆ. ಬಾಯ್ಮುಚ್ಚು."

ಆ ವರ್ಷ ಬೇಸಿಗೇಲಿ ನಮ್ಮ ಬಾವಿ ತಳ ಕಂಡ್ತು. ಕೊಡ ಇಳಿಸಿದ್ರೆ ಕೆಸರು. ಅಜ್ಜಿಗೂ ಕಷ್ಟ ಅರ್ಥವಾಯ್ತು, ಆದ್ರೆ ಹಟ ಬಿಡಬೇಕಲ್ಲ. ಯೋಚನೆ ಮಾಡಿ ಮಾಡಿ ಒಂದು ದಾರಿ ಹುಡುಕಿದ್ಲು. "ಬಾವಿ ಗಂಗಮ್ಮನ ತವರು. ಅವಳ ಮಡಿಲಿಗೆ ಬಿದ್ದದ್ದು ಏನಿದ್ರೂ ಸುದ್ದ. ನಲ್ಲಿ ನೀರ ತಂದು ಬಾವಿಗೆ ಉಯ್ಯಿ. ಆಮೇಲೆ ಸೇದು."

ನೀವೇ ಹೇಳಿ! ಬೆಳಗ್ಗೆ ಎದ್ದು ಸಾಲಲ್ಲಿ ಬಿಂದಿಗೆ ಇಡಬೇಕು. ನೀರು ಬರೋ ತನಕ ಅಲ್ಲೇ ಮಣ್ಣಲ್ಲಿ ಗೆರೆ ಎಳ್ದು ಕುಂಟೆಬಿಲ್ಲೆ ಆಡೋದು. ಜೈನಬಿ ಚಿಕ್ಕಮ್ಮನ ಮಗಳು ಬೀಬಿ ನನ್ನ ಜೊತೆಗಾತಿ, ಇಬ್ರೂ ಹುಣಸೆ ಚಿಗುರು ಜಗೀತಾ ಜಗಳ ಆಡ್ತಿದ್ವಿ. ನಲ್ಲಿ ಮೊದಲು ಗೊರಗೊರ ಅಂತ ಕೆಮ್ಮೋದು, ಆಮೇಲೆ ನೀರು ಉಗುಳೋದು. ಹೊತ್ತು ತಂದು, ಹಿತ್ತಲಿಗೆ ಸುತ್ತಿ, ಬಾವಿಗೆ ಧೊಪ್ ಅಂತ ಸುರೀಬೇಕು. ಅದೇ ನೀರನ್ನ ಹಗ್ಗ ಬಿಟ್ಟು ಮತ್ತೆ ಎಳೀಬೇಕು. ಸುರಿದದ್ದು ಸಿಹಿನೀರು, ಸೇದಿದ್ದು ಸೌಳು. ಬೀದಿಯೋರೆಲ್ಲ ನಗಾಡೋರು.

"ಏನವ್ವ, ಬಾವಿಗೆ ಬಾಯಾರಿಕೆಯಾ?" ಅಂತ ಬೀಬಿ ಅಣಕಿಸೋಳು. ಅವಳ ಜಡೆ ಹಿಡ್ದು ಎಳೆದಿದ್ದೀನಿ.

ನಗೋ ಮಾತಾಗಿ ಉಳೀಲಿಲ್ಲ ಅದು. ಮುಂಗಾರಿನ ಮೊದಲ ಜೋರು ಮಳೆ ಬಿತ್ತು. ತಿಪ್ಪೆಗುಂಡಿ ನೀರು, ಚರಂಡಿ ನೀರು ಎಲ್ಲಾ ಹಿತ್ತಲಲ್ಲಿ ಹರೀತು. ಬಾವಿಗೆ ಕಟ್ಟೆ ಎತ್ತರ ಇರಲಿಲ್ಲ. ಬಾವಿ ತುಂಬ್ತು. "ನೋಡಿದ್ಯಾ, ಗಂಗಮ್ಮ ಬಂದ್ಲು" ಅಂತ ಅಜ್ಜಿ ಅರಿಸಿನ ಹಾಕಿದ್ಲು. ನೀರು ಚಾ ಬಣ್ಣ ಇತ್ತು.

ಆಗ ನಮ್ಮ ಸಿವ ಇನ್ನೂ ತಪ್ಪು ಹೆಜ್ಜೆ ಇಡೋ ಮಗು. ಹಾಲು ಬಿಡಿಸಿ ಗಂಜಿ ರೂಢಿ ಮಾಡಿಸ್ತಿದ್ರು. ಅವನಿಗೆ ವಾಂತಿ ಭೇದಿ ಹತ್ಕೊಂಡ್ತು. ಮಗು ಅತ್ತರೆ ಕಣ್ಣೀರೇ ಬರ್ತಿರಲಿಲ್ಲ. ಕಣ್ಣು ಗುಳಿಬಿದ್ದು, ಹೊಟ್ಟೆ ಚರ್ಮ ಹಿಡಿದ್ರೆ ಹಿಡಿದ ಹಂಗೇ ನಿಲ್ಲೋದು. ಅಪ್ಪ ನಾಟಿ ಕೆಲಸಕ್ಕೆ ಅಂತ ಕೊತ್ತತ್ತಿಯ ನೆಂಟರ ಮನೇಗೆ ಹೋಗಿದ್ರು. ಅವ್ವ, ನಾನು, ಅಜ್ಜಿ, ಅಷ್ಟೇ ಮನೇಲಿ.

ಡಾಕ್ಟ್ರು ಬಂದು ನೋಡಿದ್ರು. ಬಾವಿ ಹತ್ರ ಹೋಗಿ ಬಗ್ಗಿ ನೋಡಿ ಮೂಗು ಮುಚ್ಕೊಂಡ್ರು. "ಈ ಬಾವಿ ನೀರು ಮಗೂಗೆ ತೋರಿಸಲೂಬ್ಯಾಡಿ. ನಲ್ಲಿ ನೀರು ಕಾಯಿಸಿ, ಆರಿಸಿ, ಉಪ್ಪು ಸಕ್ಕರೆ ಹಾಕಿ ಗುಟುಕು ಗುಟುಕಾಗಿ ಕುಡಿಸ್ತಿರಿ" ಅಂದು ಹೋದ್ರು.

"ಆಯ್ತು ಬುಡಿ ಸ್ವಾಮಿ, ನಲ್ಲಿ ನೀರೇ ಕೊಡಾನೆ" ಅಂದ್ಲು ಅಜ್ಜಿ. ಡಾಕ್ಟ್ರ ಬೆನ್ನು ತಿರುಗಿದ್ದೇ ತಡ, ನನ್ನ ಕಡೆ ತಿರುಗಿ, "ಓಗು, ನಲ್ಲಿ ನೀರ ತಂದು ಬಾವಿಗೆ ಉಯ್ಯಿ."

"ಅಜ್ಜೀ! ಬಾವಿ ನೀರು ಕೊಡಬ್ಯಾಡಿ ಅಂದ್ರಲ್ಲ!"

"ನಲ್ಲಿ ನೀರೇ ಅಲ್ವೇನೇ ಉಯ್ಯೋದು?"

ಕಾಯಿಸೋದೂ ಬ್ಯಾಡವಂತೆ. ಕಾಯಿಸಿದ್ರೆ ನೀರಿನ ಜೀವ ಹೋಗ್ತದಂತೆ. ಈಗ ನೆನೆಸ್ಕೊಂಡ್ರೂ ಹಲ್ಲು ಕಡಿಯೋ ಹಂಗಾಗ್ತದೆ, ಕಡಿಯಕ್ಕೆ ಹಲ್ಲಿಲ್ಲ. ಆಕೆಗೇನು ಮೊಮ್ಮಗನ ಮೇಲೆ ಪ್ರೀತಿ ಇರಲಿಲ್ವಾ? ಇತ್ತು. ಊಟ ಬಿಟ್ಟಿದ್ಲು. ಊರಲ್ಲಿರೋ ದೇವ್ರಿಗೆಲ್ಲ ಹರಕೆ ಕಟ್ಟಿದ್ಲು. ಆ ಹಾಳು ನೀರೊಂದನ್ನ ಬಿಟ್ಟು ಎಲ್ಲಾ ಮಾಡಿದ್ಲು.

ಒಂದು ಸಲ ನಾನು ಸೆರಗಿನ ಮರೇಲಿ, ಅಂದ್ರೆ ನನ್ನ ದಾವಣಿ ಚೂರಿನ ಮರೇಲಿ, ಒಂದು ಚೊಂಬು ನಲ್ಲಿ ನೀರು ನೇರ ಒಳಗೆ ತಂದೆ. ನಲ್ಲಿ ನೀರಿಗೆ ಬಿಳಿ ಪುಡಿ ಹಾಕ್ತಿದ್ರಲ್ಲ, ಅದರದ್ದೊಂದು ಔಷಧಿ ವಾಸನೆ. ಅಜ್ಜಿ ಮೂಗು ನಾಯಿ ಮೂಗು. ಚೊಂಬು ಕಿತ್ಕೊಂಡು ಅಂಗಳಕ್ಕೆ ಚೆಲ್ಲಿದ್ಲು. ಅವ್ವ ಮಗೂನ ತೊಡೆ ಮೇಲಿಟ್ಕೊಂಡು ನೋಡ್ತಾನೇ ಇದ್ಲು. ಅತ್ತೆಗೆ ಎದುರಾಡಿದ್ದನ್ನ ನಾನು ಕಂಡಿರಲಿಲ್ಲ. ಒಲೆ, ನೀರು, ಎರಡೂ ಅಜ್ಜಿ ಕೈಯಲ್ಲಿ.

ನಾನು ಹಿತ್ತಲಲ್ಲಿ ಬಾವಿಗೆ ನೀರು ಸುರೀತಾ ಅಳ್ತಿದ್ದೆ. ಬೀದಿ ದಾಟಿ ಬಂದ ಜೈನಬಿ ಚಿಕ್ಕಮ್ಮ ಬೇಲಿ ಆಚೆ ನಿಂತಿದ್ಲು. "ಮಗು ಹೆಂಗದೆ?" ಅಂದ್ಲು. ನಾನು ಎಲ್ಲಾ ಹೇಳ್ದೆ. ಕೇಳಿ ತಲೆ ಚಚ್ಕೊಂಡ್ಲು. "ತೊಗಲು ಅಂತ ತಾನೆ ನಿಮ್ಮಜ್ಜಿ ರಗಳೆ? ತೊಗಲೇ ಇಲ್ದಂಗೆ ಮಾಡಿದ್ರೆ?"

ಅವಳ ಗಂಡ ಬಾಷಾ ಮಾವಂದು ಸೈಕಲ್ ಅಂಗಡಿ. ಯುದ್ಧದ ಕಾಲ, ಟ್ಯೂಬಿಗೆ ಚಿನ್ನದ ಮರ್ಯಾದೆ. ಆದ್ರೂ ಒಂದು ಹಳೇ ಟ್ಯೂಬು ಕತ್ತರಿಸಿ ದುಂಡನೆ ಬಿಲ್ಲೆ ಮಾಡ್ಕೊಂಡು ಮಧ್ಯಾಹ್ನ ನೀರು ನಿಂತ ಮೇಲೆ ನಲ್ಲಿ ಹತ್ರ ಬಂದ. ಕೇಳೋರ ಕೇಳ್ದೆ ನಲ್ಲಿ ಬಿಚ್ಚಿದ್ರೆ ತಪ್ಪು, ಅದು ಅವನಿಗೂ ಗೊತ್ತು. ಅಜ್ಜೀನ ಕೂಗಿ ಕರ್ದು ಎದುರಿಗೇ ಬಿಚ್ಚಿದ. ತೊಗಲು ಬಿಲ್ಲೆ ತೆಗ್ದು ಆಚೆ ಎಸ್ದ. ಬೀದಿ ನಾಯಿ ಅದನ್ನ ಮೂಸಿ ಬಿಟ್ಟು ಹೋಯ್ತು.

"ಇದು ಯಾತರದ್ದು ಸಾಬ್ರೇ?" ಅಂದ್ಲು ಅಜ್ಜಿ.

"ರಬ್ಬರು ಕಣಜ್ಜಿ. ಮರದ ಹಾಲು. ಆಲದ ಮರ ಗೀರಿದ್ರೆ ಹಾಲು ಬರಲ್ವಾ, ಅಂಥದ್ದೇ ಬ್ಯಾರೆ ಮರ."

"ದಿಟವಾ?"

"ನಿಮ್ ಮೊಮ್ಮಗನ ಆಣೆ."

ಅಜ್ಜಿ ಅದನ್ನ ಕೈಯಲ್ಲಿ ಹಿಡ್ದು ಹಿಚುಕಿ, ಎಳ್ದು, ಮೂಸಿ ನೋಡಿದ್ಲು. ತಲೆ ಆಡಿಸಿದ್ಲು. ನಾನು ಕುಣಿದುಬಿಟ್ಟೆ. ಮಾರನೇ ಬೆಳಗ್ಗೆ ಮೊದಲ ಬಿಂದಿಗೆ ಹಿಡ್ಕೊಂಡು, ಹಿತ್ತಲ ಕಡೆ ನೋಡ್ದೆ, ಮುಂಬಾಗಿಲಿಗೆ ಬಂದೆ. ಹೊಸಲಲ್ಲಿ ಅಜ್ಜಿ ನಿಂತಿದ್ಲು.

"ಹಿಂದ್ಲಿಂದ ಬಾ. ಬಾವಿಗೆ ಉಯ್ಯಿ."

"ತೊಗಲು ತೆಗ್ದಾಯ್ತಲ್ಲಜ್ಜಿ!"

ಅಜ್ಜಿ ಬೀದಿ ಆಕಡೆ ಈಕಡೆ ನೋಡಿದ್ಲು. ಆಮೇಲೆ ಸಣ್ಣ ದನೀಲಿ, "ತೊಗಲು ಓದ್ರೇನು? ಆ ನಲ್ಲಿನ ಯಾರ್ಯಾರು ಮುಟ್ತಾರೆ ಗೊತ್ತೇನೇ? ಸಾಬ್ರು ಮುಟ್ತಾರೆ, ಕೆಳಗಿನ ಕೇರಿಯೋರು ಮುಟ್ತಾರೆ. ಒಂದೇ ನಲ್ಲಿ, ಒಂದೇ ತಿರುಪು."

ಅಯ್ಯೋ ನನ್ನ ಕರ್ಮವೇ! ನಮ್ಮ ಬಾವಿ ಹಗ್ಗವನ್ನ ಅವರ್ಯಾರಿಗೂ ಮುಟ್ಟಗೊಟ್ಟಿರಲಿಲ್ಲ ಅಜ್ಜಿ. ನಲ್ಲಿ ಮಾತ್ರ ಅವಳ ಮಾತು ಕೇಳ್ತಿರಲಿಲ್ಲ. ಯಾರು ತಿರುವಿದ್ರೂ ನೀರು ಬಿಡೋದು. ಇಷ್ಟು ದಿನ ನನ್ನ ಸೊಂಟ ಮುರಿದಿದ್ದು ಆ ತೊಗಲಿಂದ ಅಲ್ಲವೇ ಅಲ್ಲ.

ಆಗ ಒಳಗಿಂದ ಅವ್ವ ಬಂದ್ಲು. ಮಗುವನ್ನ ಚಾಪೆ ಮೇಲೆ ಮಲಗಿಸಿ ಬಂದಿದ್ಲು. ನನ್ನ ಸೊಂಟದಿಂದ ಬಿಂದಿಗೆ ತಗೊಂಡು ತನ್ನ ಸೊಂಟಕ್ಕಿಟ್ಕೊಂಡ್ಲು. ಹೊಸಲಲ್ಲಿ ಅತ್ತೆ ಸೊಸೆ ಎದುರಾಬದುರಾ.

"ಅತ್ತೆಮ್ಮ, ಆ ನಲ್ಲಿ ಮುಟ್ಟೋರ ಮಕ್ಳೆಲ್ಲ ಬೀದೀಲಿ ಆಡ್ಕೊಂಡವೆ. ಮುಟ್ಟದೇ ಇರೋರ ಮಗ ಒಳಗೆ ಸಾಯ್ತಾವ್ನೆ. ದಾರಿ ಬುಡಿ."

ಅಷ್ಟೇ. ಕೂಗಾಡಲಿಲ್ಲ. ಅಜ್ಜಿ ಬಾಗಿಲ ಚೌಕಟ್ಟು ಹಿಡ್ಕೊಂಡಿದ್ದ ಕೈ ತಾನಾಗೇ ಇಳೀತು. ಅವ್ವ ಒಳಗೆ ಹೋಗಿ ಒಲೆ ಉರಿಸಿ ನೀರಿಟ್ಲು. ಔಷಧಿ ವಾಸನೆ ಮನೆಯೆಲ್ಲ ತುಂಬ್ತು. ಆರಿಸಿ, ಹಾಲು ಕುಡಿಸೋ ಒಳಲೇಲಿ ಹಾಕಿ, ಮಗು ಕಟವಾಯಿಗೆ ಇಳಿಸಿದ್ಲು. ಹಗಲೂ ರಾತ್ರಿ ಅದೇ ಕೆಲಸ. ಸಿವ ಮೊದಲು ಕಕ್ಕಿದ, ಆಮೇಲೆ ಕಕ್ಕಲಿಲ್ಲ. ಕೊನೆಗೊಂದು ಮಧ್ಯಾಹ್ನ ಅತ್ತ. ಕಣ್ಣಲ್ಲಿ ನೀರು ಬಂತು. ಮಗನ ಕಣ್ಣೀರು ನೋಡಿ ಅವ್ವ ನಕ್ಕಿದ್ದನ್ನ ನಾನು ಇನ್ನೂ ಮರೆತಿಲ್ಲ.

ಅಜ್ಜಿ ಬದಲಾದ್ಲು ಅನ್ಕೊಂಡ್ರಾ? ಇಲ್ಲ ಬುಡಿ. ಸಾಯೋ ತನಕ ತಾನು ಮಾತ್ರ ಆ ಸೌಳು ನೀರೇ ಕುಡಿದ್ಲು. ಆದ್ರೆ ಬೆಳಗಾದ್ರೆ ಮೊದಲು ನಲ್ಲಿ ಹತ್ರ ಹೋಗಿ ಕೂರೋಳು. ಮುಟ್ತಿರಲಿಲ್ಲ, ದೂರ ಕೂತು ಕೋಲಲ್ಲಿ ತೋರಿಸ್ತಾ ಜಗಳ. "ಲೇ, ನಮ್ ಹುಡುಗಿ ಬಿಂದಿಗೆ ಮುಂದಿತ್ತು ಕಣೇ! ಸಿವಂಗೆ ಗಂಜಿ ಕಾಯಿಸ್ಬೇಕು!" ಜೈನಬಿ ಚಿಕ್ಕಮ್ಮ ಬಿಡ್ತಾಳಾ? "ಅಜ್ಜಿ, ಮುಟ್ದಿರೋರಿಗೆ ಸಾಲಲ್ಲಿ ಮಾತಿಲ್ಲ!" ಕೆಳಗಿನ ಕೇರಿ ಚಿಕ್ಕತಾಯಿ ನಗ್ತಾ ತನ್ನ ಕೊಡ ಸರಿಸೋಳು, "ತಗೊಳ್ಳವ್ವ, ಮಗೂಗೆ ಅಂದ್ಮೇಲೆ." ನೀರು ಒಂದಿನ ಕೆಂಪಗೆ ಬಂದ್ರೆ ಎಲ್ಲರೂ ಸೇರ್ಕೊಂಡು ಬಿಂದಿಗೆ ಸಮೇತ ಹೋಗಿ ನೀರಿನ ಆಫೀಸಿನ ಬಾಗಿಲಲ್ಲಿ ಕೂಗಾಡೋರು. ಎಲ್ಲರಿಗಿಂತ ದೊಡ್ಡ ಗಂಟಲು ನಮ್ಮಜ್ಜೀದೇ. ತಾನು ಕುಡೀದೇ ಇರೋ ನೀರಿಗೆ!

ಈಗ ಸಿವಲಿಂಗನ ವಿಷಯ. ಹೋದ ವಾರ ಮಂಡ್ಯದ ನನ್ನ ಮನೇಗೆ ಬಂದ. ಬಗಲಲ್ಲಿ ನೀರಿನ ಬಾಟ್ಲಿ. ಕಾಯಿಸಿ ಆರಿಸಿದ ನೀರು ಕೊಟ್ರೆ ಕೈ ಅಡ್ಡ ಹಿಡ್ದ. "ಬ್ಯಾಡ ಅಕ್ಕ, ನಲ್ಲಿ ನೀರು ಹೊಟ್ಟೆಗೆ ಆಗಲ್ಲ. ನಮ್ಮನೇಲಿ ಮಿಷಿನ್ ಅದೆ. ನಲ್ಲಿ ನೀರ ಅದಕ್ಕೆ ಬಿಟ್ಟು ಆಮೇಲೆ ಹಿಡ್ಕೊಂಡು ಕುಡೀತೀವಿ."

"ಲೋ, ಅಜ್ಜಿ ಬಾವಿಗೆ ಸುರಿದು ಸೇದಿಸ್ತಿದ್ಲು. ನೀನು ಡಬ್ಬಕ್ಕೆ ಸುರಿದು ಸೇದ್ತಿದ್ದೀಯ. ನಿನ್ನ ಉಳಿಸಿದ್ದು ಯಾವ ನೀರು ಅಂತ ಗೊತ್ತೇನ್ಲಾ?"

"ಆಗಿನ ನಲ್ಲಿ ಬ್ಯಾರೆ ಅಕ್ಕ. ಈಗ ಚರಂಡಿ ವಾಸ್ನೆ ಬತ್ತದೆ."

ಅದೂ ಸುಳ್ಳಲ್ಲ, ನನ್ನ ಮೂಗೂ ಅಜ್ಜಿ ಮೂಗೇ. ನಲ್ಲಿ ನೀರು ನಾರಿದ್ರೆ ಹೋಗಿ ಕೇಳ್ರೋ ಅಂದ್ರೆ ಯಾರೂ ಏಳಲ್ಲ. ಒಬ್ಬ ಮಿಷಿನ್ ತಂದ, ಒಬ್ಬ ಕ್ಯಾನ್ ತರಿಸ್ದ, ಬಾಗಿಲು ಹಾಕ್ಕೊಂಡ. ಎರಡೂ ಇಲ್ದೋರು ಏನು ಕುಡೀತಾರೆ ಅಂತ ಪಕ್ಕದ ಮನೆಯೋರಿಗೂ ಗೊತ್ತಿಲ್ಲ.

ಹೋಗೋವಾಗ ಸಿವ ಅಂದ, "ಮೊನ್ನೆ ಮಳವಳ್ಳಿಗೆ ಹೋಗಿದ್ದೆ ಅಕ್ಕ. ಆ ಮೂಲೆ ನಲ್ಲಿ ಕಂಬ ಇನ್ನೂ ಅದೆ. ಒಣಗಿ ನಿಂತದೆ. ಯಾರೂ ಮುಟ್ಟಲ್ಲ."

ನೋಡಿ, ಕೊನೆಗೂ ನಮ್ಮಜ್ಜಿ ಆಸೆ ನೆರವೇರಿತು.