ಅಂಗುಳಕ್ಕೆ ನಾಲಿಗೆ ಹಚ್ಚಿದ ವರ್ಷ

ನನ್ನ ಗದ್ದ ಸಣ್ಣದು ಎಂಬುದು ಇಪ್ಪತ್ತೆಂಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಗೊತ್ತಾದದ್ದು ಗೆಳೆಯನ ಮದುವೆಯ ವಿಡಿಯೋದಲ್ಲಿ. ಊಟದ ಪಂಕ್ತಿಯಲ್ಲಿ ಕುಳಿತು ಪಕ್ಕದವನಿಗೆ ಏನೋ ಹೇಳಿ ನಗುತ್ತಿದ್ದೆ. ಕೆಳತುಟಿ ಮುಗಿದಲ್ಲಿಂದ ಮುಖ ನೇರವಾಗಿ ಕೊರಳಿಗೆ ಇಳಿದುಬಿಟ್ಟಿತ್ತು. ಅದೇ ವಾರ ಬಸವಕಲ್ಯಾಣದ ಒಂದು ಮನೆಯಿಂದ ನನ್ನ ಬಯೋಡಾಟಾ ವಾಪಸ್ ಬಂತು. ಫೋಟೋ ನೋಡಿಯೇ ಬೇಡ ಅಂದಿದ್ದರಂತೆ. ಎರಡನ್ನೂ ಜೋಡಿಸಿಕೊಂಡು ನನ್ನ ಬಾಳು ಕೆಟ್ಟದ್ದು ಗದ್ದದಿಂದಲೇ ಎಂದು ನಾನೇ ತೀರ್ಪು ಕೊಟ್ಟುಕೊಂಡೆ.

ನಿಜ ಹೇಳಬೇಕೆಂದರೆ ನನ್ನ ಕೆಲಸಕ್ಕೆ ಮುಖ ಬೇಕಾಗಿಯೇ ಇರಲಿಲ್ಲ. ಹುಮನಾಬಾದಿನ ಸುತ್ತ ಆಟೋದ ಮೇಲೆ ಭೋಂಗಾ ಕಟ್ಟಿಕೊಂಡು ಪ್ರಚಾರ ಮಾಡುತ್ತಾರಲ್ಲ, ಅದರಲ್ಲಿ ಕೇಳಿಸುವ ದನಿ ನನ್ನದು. ಸೀರೆ ಅಂಗಡಿಯ ಆಷಾಢ ಸೇಲ್, ಕಣ್ಣಿನ ತಪಾಸಣೆ ಶಿಬಿರ, ಕಳೆದುಹೋದ ಎಮ್ಮೆ, ಎಲ್ಲವನ್ನೂ ನಾನೇ ಕೂಗುತ್ತಿದ್ದೆ. ಮೊಬೈಲ್ ಅಂಗಡಿಯ ಹಿಂದಿನ ಸಣ್ಣ ಕೋಣೆಯಲ್ಲಿ, ದನಿ ಗುಂಯ್ಗುಡದಿರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದು, ಅಲ್ಲಿ ಕುಳಿತು ರೆಕಾರ್ಡ್ ಮಾಡುತ್ತಿದ್ದೆ. ಅಂಗಡಿಯವರು ಬರೆದುಕೊಟ್ಟದ್ದನ್ನು ಓದಿ ಮುಗಿಸಿ ಕೊನೆಗೆ ನನ್ನದೊಂದು ಸಾಲು ಸೇರಿಸುತ್ತಿದ್ದೆ: "ನಿಧಾನಕ್ಕ ಬರ್ರಿ, ಅಂಗಡಿ ಎಲ್ಲೂ ಓಡಿ ಹೋಗಂಗಿಲ್ಲ." ಮೊದಲ ಸಲ ಅದು ಬಾಯಿತಪ್ಪಿ ಬಂದದ್ದು. ಸೀರೆ ಅಂಗಡಿಯ ಸಾಹುಕಾರರು ಬೈದರು. ಮರುದಿನ ಬಂದ ಹೆಂಗಸರು ಅದನ್ನೇ ಹೇಳಿಕೊಂಡು ನಗುತ್ತ ಒಳಗೆ ಬಂದಾಗ ಸುಮ್ಮನಾದರು. ಆಮೇಲೆ ಆ ಸಾಲು ಇಲ್ಲದ ಪ್ರಚಾರ ಯಾರಿಗೂ ಬೇಡವಾಯಿತು.

ಗದ್ದದ ಚಿಂತೆ ಹತ್ತಿದ ಮೇಲೆ ನಾನು ಮೊಬೈಲಿಗೆ ಬಿದ್ದೆ. ಒಂದು ವಿಡಿಯೋ ನೋಡಿದರೆ ಹತ್ತು ತಾವಾಗಿಯೇ ಬಂದು ನಿಲ್ಲುತ್ತಿದ್ದವು. ಅಂಗಿ ಬಿಚ್ಚಿ ನಿಂತ ಒಬ್ಬ ಹುಡುಗ ಹಿಂದಿಯಲ್ಲಿ ಪಾಠ ಮಾಡುತ್ತಿದ್ದ. ನಾಲಿಗೆಯನ್ನು ಪೂರ್ತಿ ಅಂಗುಳಕ್ಕೆ ಒತ್ತಿ ಹಿಡಿಯಬೇಕು, ತುಟಿ ಮುಚ್ಚಿರಬೇಕು, ಹಲ್ಲು ಹಲ್ಲಿಗೆ ಮುಟ್ಟಿರಬೇಕು, ಬಾಯಿ ತೆರೆದು ನಗಬಾರದು, ಮಾತು ಆದಷ್ಟು ಕಡಿಮೆ. ಆರು ತಿಂಗಳಲ್ಲಿ ದವಡೆ ಕೆತ್ತಿದ ಹಾಗೆ ಏಳುತ್ತದೆ. ಅವನ ದವಡೆ ನೋಡಿದರೆ ನಂಬದೆ ಇರುವುದು ಕಷ್ಟವಿತ್ತು. ಅವನು ಹುಟ್ಟಿದ್ದೇ ಆ ದವಡೆಯ ಜೊತೆಗೆ ಇರಬಹುದು ಎಂಬ ಸಣ್ಣ ಸಂಶಯವೂ ನನ್ನ ದಡ್ಡ ತಲೆಗೆ ಬರಲಿಲ್ಲ.

ರೆಕಾರ್ಡಿಂಗ್ ಬಿಟ್ಟರೆ ಉಳಿದ ಹೊತ್ತೆಲ್ಲ ಬಾಯಿಗೆ ಬೀಗ. ಬೆಳಿಗ್ಗೆ ಐಸ್ ನೀರಲ್ಲಿ ಮುಖ ಅದ್ದುವುದು, ವಾರಕ್ಕೆರಡು ಸಲ ಮುಲ್ತಾನಿ ಮಿಟ್ಟಿ, ದಿನವೆಲ್ಲ ರಬ್ಬರಿನಂಥ ಒಂದು ಗಮ್ ಜಗಿಯುವುದು. ಅವ್ವ ಒಂದು ದಿನ ರೊಟ್ಟಿಯ ಬುಟ್ಟಿಯನ್ನೇ ನನ್ನ ಮುಂದೆ ತಂದಿಟ್ಟಳು.

"ಜಗದ್ರ ಗದ್ದ ಬರ್ತದಂದ್ರ ಈ ಕಡಕ್ ರೊಟ್ಟಿ ತಿನ್ನು. ನಿಮ್ಮಪ್ಪ ಹುಟ್ಟಿದಾಗಿಂದ ಇದನ್ನೇ ತಿನ್ನಾಕತ್ತಾನ. ಅವನ ಗದ್ದ ನೋಡು."

ಅಪ್ಪನ ಗದ್ದ ನೋಡಿದೆ. ಅದು ನನ್ನದೇ ಗದ್ದ. ಸಿಟ್ಟು ಬಂದು ಅವತ್ತು ಊಟವನ್ನೇ ಬಿಟ್ಟೆ.

ಐದು ತಿಂಗಳಾದ ಮೇಲೆ ಎಡಗಡೆಯಿಂದ ಒಂದು ಹೊಸ ಫೋಟೋ ತೆಗೆಸಿದೆ. ಎಡಗಡೆ ಏನೋ ಸ್ವಲ್ಪ ಎದ್ದಿದೆ ಎಂದು ನನಗೆ ಅನ್ನಿಸಿತ್ತು. ಸಂಬಂಧ ಕುದುರಿಸುವ ನಮ್ಮ ದೂರದ ಕಾಕಾನ ಕೈಗೆ ಅದನ್ನು ಕೊಟ್ಟೆ. ಹದಿನೈದು ದಿನಕ್ಕೆ ಕಾಕಾನ ಫೋನ್ ಬಂತು.

"ಮಾಣಿಕನಗರದಾಗ ಒಂದ್ ಕನ್ಯಾ ಅದ. ಅವರೇ ಕೇಳಿ ಕಳಸ್ಯಾರ. ಐತಾರ ನೋಡಾಕ ಹೋಗೋಣ."

ಅವರೇ ಕೇಳಿ ಕಳಿಸಿದ್ದಾರೆ! ಫೋಟೋ ಕೆಲಸ ಮಾಡಿತು ಅಂದುಕೊಂಡೆ. ಐದು ತಿಂಗಳ ನಾಲಿಗೆ ದಂಡವಾಗಲಿಲ್ಲ ಎಂದು ಕನ್ನಡಿಯ ಮುಂದೆ ನಿಂತು ಎಡಗಡೆಯನ್ನು ಎಷ್ಟು ಹೊತ್ತು ನೋಡಿಕೊಂಡೆನೋ.

ಭಾನುವಾರ ಕಾಕಾನ ಜೊತೆ ಹೋದೆ. ಹುಡುಗಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಅಣ್ಣ, ಅಣ್ಣನ ಹೆಂಡತಿ ವೈನಿ, ಆಕೆ, ಇಷ್ಟೇ ಜನರ ಮನೆ. ಚೂಡಾ ಬಂತು, ಚಹಾ ಬಂತು. ಅಣ್ಣ ಕೇಳಿದ್ದಕ್ಕೆಲ್ಲ ಕಾಕಾನೇ ಉತ್ತರ ಕೊಟ್ಟ. ನಾನು ನಾಲಿಗೆ ಮೇಲೆ ಒತ್ತಿಕೊಂಡು, ಗದ್ದ ಮುಂದಕ್ಕೆ ಚಾಚಿ, ಬೊಂಬೆಯ ಹಾಗೆ ಕೂತಿದ್ದೆ. ಆಮೇಲೆ ವೈನಿ, "ಇಬ್ರೂ ಒಂದೈದ್ ನಿಮಿಷ ಮಾತಾಡ್ರಿ" ಎಂದು ನಮ್ಮಿಬ್ಬರನ್ನೂ ಹೊಲಿಗೆ ಯಂತ್ರವಿದ್ದ ಪಡಸಾಲೆಗೆ ಕಳಿಸಿದರು.

ಆಕೆಯ ಕೊರಳಲ್ಲಿ ಅಳತೆಯ ಟೇಪು ಇನ್ನೂ ಜೋತಾಡುತ್ತಿತ್ತು. ತೆಗೆದಿಡಲು ಮರೆತಿದ್ದಳು. ನೇರವಾಗಿ ನನ್ನನ್ನು ನೋಡಿ ಕೇಳಿದಳು:

"ಭೋಂಗಾದಾಗ ಬರೋ ಆವಾಜ ನಿಮ್ಮದೇನ್ರಿ?"

ಬೀದಿ ಬೀದಿ ಕೂಗುವ ಕೆಲಸ, ಅದನ್ನೇ ಎತ್ತಿ ಆಡುತ್ತಿದ್ದಾಳೆ ಅಂದುಕೊಂಡೆ. ಹೌದೆಂದು ತಲೆಯಾಡಿಸಿದೆ.

"ಕಡೀಕ ಒಂದ್ ಮಾತು ಅಂತೀರಲ್ರಿ, ನಿಧಾನಕ್ಕ ಬರ್ರಿ ಅಂತ. ಒಂದ್ ಸಲ ಅನ್ರಿ."

ನಾನು ಎಡಗಡೆ ಕಾಣುವಂತೆ ಸ್ವಲ್ಪ ತಿರುಗಿ, ನಾಲಿಗೆ ಸಡಿಲಿಸದೆ, ಹಲ್ಲಿನ ಸಂದಿಯಿಂದ "ಈಗ ಬ್ಯಾಡ್ರಿ" ಅಂದೆ. ದನಿ ಸೊಳ್ಳೆಯ ಹಾಗೆ ಬಂತು. ಆಕೆ ಕಾದಳು.

"ಅನ್ನಂಗಿಲ್ಲೇನ್ರಿ?"

ತುಟಿ ಮುಚ್ಚಿಕೊಂಡೇ ಮುಗುಳ್ನಕ್ಕೆ. ವಿಡಿಯೋದ ಹುಡುಗ ಹಾಗೇ ನಗಬೇಕು ಎಂದಿದ್ದ. ಆಕೆ ತಲೆ ಬಗ್ಗಿಸಿದಳು. ಕೊರಳಲ್ಲಿದ್ದ ಟೇಪು ಆಗ ಕಣ್ಣಿಗೆ ಬಿತ್ತು. ಅದನ್ನು ತೆಗೆದು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತ ಐದು ನಿಮಿಷ ಮುಗಿಸಿದಳು.

ವಾರದ ಮೇಲೆ ಕಾಕಾ ಮನೆಗೇ ಬಂದ. ಮುಖ ಕೆಂಪಾಗಿತ್ತು.

"ಏನ್ ಮಾಡ್ಕೊಂಡ್ಯೋ ತಮ್ಮಾ? ಆ ಆವಾಜ ಇವಂದಲ್ಲ, ಬ್ಯಾರೇದವನ ಹೆಸರಿನ ಮ್ಯಾಲ ಇವನ್ನ ತಂದು ಕುಂದ್ರಿಸ್ಯಾರ ಅಂದಾಳ. ನಾ ಸುಳ್ಳುಗಾರ ಆದೆ."

ಆಮೇಲೆ ಎಲ್ಲ ಹೊರಬಿತ್ತು. ಆಟೋ ಅವರ ಓಣಿಗೆ ಬಂದಾಗಲೆಲ್ಲ ಆಕೆ ಯಂತ್ರ ನಿಲ್ಲಿಸಿ ಕೇಳುತ್ತಿದ್ದಳಂತೆ. ಈ ಮನುಷ್ಯ ಯಾರು ಎಂದು ವೈನಿಯನ್ನು ಕೇಳಿದಳು, ವೈನಿ ಅಣ್ಣನನ್ನು, ಅಣ್ಣ ಕಾಕಾನನ್ನು.

"ಮತ್ತ ನನ್ನ ಫೋಟೋ?" ಅಂದೆ.

"ಫೋಟೋ ಯಾರು ಕೇಳ್ಯಾರ? ಇನ್ನೂ ನನ್ನ ಚೀಲದಾಗೇ ಅದ."

ಇನ್ನೊಮ್ಮೆ ಹೋಗಿ ಹೇಳು ಎಂದು ಕಾಕಾನ ಕೈ ಹಿಡಿದು ಬೇಡಿಕೊಂಡೆ. ಮೋಸ ಅಂದ ಮನೆಯ ಹೊಸ್ತಿಲು ಮತ್ತೆ ತುಳಿಯುವುದಿಲ್ಲ ಅಂದುಬಿಟ್ಟ. ನಾನೇ ಹೋಗಬಹುದಿತ್ತು. ಹೋಗಬೇಕು, ಹೋಗಬೇಕು ಎನ್ನುತ್ತಲೇ ಎರಡು ತಿಂಗಳು ಕಳೆದೆ. ಅಷ್ಟರಲ್ಲಿ ಆಕೆಯನ್ನು ಮಂಠಾಳದ ಕಡೆ ಕೊಟ್ಟರು ಎಂದು ಸುದ್ದಿ ಬಂತು.

ಐದು ನಿಮಿಷ ಕಂಡವಳಿಗಾಗಿ ಇಷ್ಟು ಹಂಬಲಿಸುವುದು ಅತಿಯಾಯಿತು ಎಂದು ನನಗೂ ಗೊತ್ತು. ಆದರೆ ಐದು ನಿಮಿಷ ಎಂಬುದು ನನ್ನ ಕಡೆಯ ಲೆಕ್ಕ. ಮೊಟ್ಟೆಯ ಟ್ರೇಗಳ ನಡುವೆ ಒಬ್ಬನೇ ಕುಳಿತು ನಾನು ಗೋಡೆಗೆ ಮಾತಾಡುತ್ತಿದ್ದಾಗ, ಅದೇ ಮಾತಿಗಾಗಿ ಒಬ್ಬಳು ಯಂತ್ರದ ಮೇಲಿನ ಕಾಲು ತಡೆಯುತ್ತಿದ್ದಳು. ಎಷ್ಟು ಸೀಸನ್, ಎಷ್ಟು ಸೇಲ್! ನನಗಾಗಿ ಹಾಗೆ ಯಾರೂ ಕಾದಿರಲಿಲ್ಲ, ಇನ್ನು ಮುಂದೆ ಕಾಯುತ್ತಾರೆ ಎಂಬ ನಂಬಿಕೆಯೂ ನನಗಿಲ್ಲ. ಈಗಲೂ ಎಲ್ಲಾದರೂ ಹೊಲಿಗೆ ಯಂತ್ರದ ಸದ್ದು ನಿಂತರೆ ನಾನು ತಿರುಗಿ ನೋಡುತ್ತೇನೆ.

ಕಳೆದ ಚಳಿಗಾಲದಲ್ಲಿ ಬಸವಕಲ್ಯಾಣದ ಹೊಸ ಬಟ್ಟೆ ಅಂಗಡಿಯೊಂದರ ಪ್ರಚಾರ ಸಿಕ್ಕಿತು. ಸುತ್ತಲಿನ ಊರುಗಳಲ್ಲಿ ತಿರುಗುವಾಗ ಪೆನ್‌ಡ್ರೈವ್ ಕೈಕೊಟ್ಟಿತೆಂದು ಡ್ರೈವರ್ ಫೋನ್ ಮಾಡಿದ. ನಾನೇ ಹೋಗಿ, ಅವನ ಪಕ್ಕ ಕುಳಿತು, ಮೈಕು ಹಿಡಿದೆ. ಮಂಠಾಳಕ್ಕೆ ಬಂದಾಗ ಮಧ್ಯಾಹ್ನವಾಗಿತ್ತು. ನಾಲಿಗೆಯ ಕಸರತ್ತು ಬಿಟ್ಟು ಬಹಳ ದಿನವಾಗಿತ್ತು. ಕೊರಳ ನರ ಉಬ್ಬಿಸಿ, ಬಾಯಿ ಅಗಲ ತೆರೆದು ಕೂಗುತ್ತಿದ್ದೆ.

ಒಂದು ಮನೆಯ ಮುಂದೆ ಆಟೋ ನಿಧಾನವಾಯಿತು. ಒಳಗೆ ಟಕಟಕ ಅನ್ನುತ್ತಿದ್ದ ಯಂತ್ರ ನಿಂತಿತು. ಆಕೆ ಬಾಗಿಲಿಗೆ ಬಂದಳು. ಕೊರಳಲ್ಲಿ ಟೇಪಿತ್ತು.

ನನ್ನ ಮಾತು ಕಡೆಯ ಸಾಲಿಗೆ ಬಂದಿತ್ತು. ನಿಲ್ಲಿಸಲಾಗಲಿಲ್ಲ. "ನಿಧಾನಕ್ಕ ಬರ್ರಿ, ಅಂಗಡಿ ಎಲ್ಲೂ ಓಡಿ ಹೋಗಂಗಿಲ್ಲ."

ಆಕೆ ಆಟೋದ ಮೇಲಿನ ಭೋಂಗಾ ನೋಡಿ ನಕ್ಕಳು. ಹಳೆಯ ಪರಿಚಯದವರನ್ನು ಕಂಡಂಥ ನಗು. ಆಮೇಲೆ ಆ ಕಣ್ಣು ಕೆಳಗಿಳಿದು ಮೈಕಿಗೆ ಬಂತು, ಮೈಕು ಹಿಡಿದ ನನ್ನ ಮುಖಕ್ಕೆ ಬಂತು. ನಗು ಹೋಯಿತು. ಕೈ ಕೊರಳ ಟೇಪಿನ ಮೇಲೆ ಹೋಗಿ ನಿಂತಿತು. ಗದ್ದ ಸಣ್ಣದು, ಆವಾಜ ಅದೇ, ಎರಡೂ ಒಬ್ಬನವೇ ಎಂದು ಆಕೆಗೆ ತಿಳಿದುಹೋಯಿತು.

"ಹೋಗೋಣೇನ್ರಿ?" ಅಂದ ಡ್ರೈವರ್.

ಆಕೆ ಇನ್ನೂ ಬಾಗಿಲಲ್ಲೇ ಇದ್ದಳು. "ತಡಿ" ಅಂದೆ. ಮೈಕು ಬಂದ್ ಮಾಡಿ, ಬರೀ ಬಾಯಿಂದ, ಆ ಸಾಲನ್ನು ಒಂದು ಸಲ ಅಂದೆ.