ಊಟಕ್ಕೆ ಬಾರದ ದಲಾಲ

2002ರ ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಮುರಿಗೆಪ್ಪ ಇಂಗ್ಲೆಂಡಿನ ಹೌನ್ಸ್ಲೋದ ತಮ್ಮ ಅಡುಗೆಮನೆಯಲ್ಲಿ ನಿಂತು ಶೇರು ದಲಾಲನಿಗೆ ಫೋನ್ ಮಾಡಿದರು. ಊಟಕ್ಕೆ ಯಾವಾಗ ಬರುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ತಲೆಯ ಮೇಲೆ ವಿಮಾನವೊಂದು ದಾಟಿ ಹೋಗುವವರೆಗೆ ಮಾತು ಕೇಳಿಸುವಂತಿರಲಿಲ್ಲ. ಆಮೇಲೆ ಕೀತ್ ಎಂಬ ಆ ದಲಾಲ, ಕಂಪನಿಯ ನಿಯಮದಂತೆ ಗ್ರಾಹಕರ ಮನೆಯಲ್ಲಿ ಉಣ್ಣುವಂತಿಲ್ಲ ಎಂದು ಮೂರನೆಯ ಸಲ ಹೇಳಿದ.

"ಹೋಗಲಿ, ಯಾವ ಶೇರು ಕೊಳ್ಳಲಿ ಅದನ್ನಾದರೂ ಹೇಳಿ."

"ಸಲಹೆ ಕೊಡುವಂತಿಲ್ಲ ಸರ್. ನಿಮ್ಮದು ಸಲಹೆಯಿಲ್ಲದ ಖಾತೆ. ನೀವು ಹೇಳಿದ್ದನ್ನು ಕೊಳ್ಳುತ್ತೇವೆ, ಹೇಳಿದ್ದನ್ನು ಮಾರುತ್ತೇವೆ."

"ಕೊಂಡರೆ ಲಾಭವಿದೆಯೇ?"

"ಹಾಕಿದ್ದಕ್ಕಿಂತ ಕಡಿಮೆ ವಾಪಸು ಬರಬಹುದು ಸರ್."

ಮುರಿಗೆಪ್ಪ ಫೋನಿಟ್ಟು ಹೆಂಡತಿ ಚಂದ್ರವ್ವನ ಕಡೆ ತಿರುಗಿದರು. "ಏನ್ ಮನಷ್ಯಾ ಇಂವ! ಅಂಗಡಿ ತಗದು ಕುಂತಾನ, ಬಂದ ಗಿರಾಕಿಗೆ ಲುಕ್ಸಾನ ಆಗ್ತೈತಿ ಅಂತಾನ."

ಅವರಿಗೆ ಆಗ ಅರವತ್ತೊಂದು. ಹೀಥ್ರೂ ವಿಮಾನ ನಿಲ್ದಾಣದ ಸರಕು ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ದುಡಿದಿದ್ದರು. ಜನವರಿಯಲ್ಲಿ ಕೆಲಸಗಾರರನ್ನು ಕಡಿಮೆ ಮಾಡಿದಾಗ ಒಂಬತ್ತು ಸಾವಿರ ಪೌಂಡ್ ಕೈಗಿತ್ತು ಮನೆಗೆ ಕಳಿಸಿದ್ದರು. ಪಿಂಚಣಿ ಬಿಟ್ಟರೆ ದಂಪತಿಗೆ ಇದ್ದದ್ದು ಅಷ್ಟೇ.

ಇಂಗ್ಲೆಂಡಿಗೆ ಬರುವ ಮೊದಲು ಅವರು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯೊಂದರ ಗುಮಾಸ್ತರಾಗಿದ್ದವರು. ಅಲ್ಲಿ ಮಾಲು ತಂದ ರೈತ ದಲಾಲನ ಮನೆಯಲ್ಲೇ ಉಂಡು, ಅವನ ಅಂಗಡಿಯ ಚೀಲಗಳ ಮೇಲೆ ಮಲಗಿ, ಮರುದಿನ ಹರಾಜಿಗೆ ಏಳುತ್ತಿದ್ದ. ಜೊತೆಗೆ ಕೂತು ಉಣ್ಣದವನನ್ನು ದಲಾಲನೆಂದು ಮುರಿಗೆಪ್ಪ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಕೀತ್‌ನ ಕಂಪನಿಯನ್ನು ಆರಿಸಿದ್ದು ಮಗಳು ಸೌಂದರ್ಯಾ. ಅಕ್ಸ್‌ಬ್ರಿಡ್ಜ್‌ನ ಆಫೀಸೊಂದರಲ್ಲಿ ಕೆಲಸ ಮಾಡುವ ಆಕೆ, ಹಣಕಾಸು ವ್ಯವಹಾರಗಳ ನಿಯಂತ್ರಣ ಪ್ರಾಧಿಕಾರದ ರಿಜಿಸ್ಟರಿನಲ್ಲಿ ಅದರ ಹೆಸರಿದೆ ಎಂದು ನೋಡಿಕೊಂಡೇ ಅರ್ಜಿ ತಂದಿದ್ದಳು. ವಹಿವಾಟಿನ ಅನುಭವ ಎಂಬಲ್ಲಿ ಮುರಿಗೆಪ್ಪ 'ಬ್ಯಾಡಗಿ, ಒಣ ಮೆಣಸಿನಕಾಯಿ, ಒಂಬತ್ತು ವರ್ಷ' ಎಂದು ಬರೆದರು. ಅದು ಯಾವ ದೇಶದ ಎಕ್ಸ್‌ಚೇಂಜ್ ಎಂದು ಕಂಪನಿ ಪತ್ರ ಬರೆದು ಕೇಳಿತು.

ಖಾತೆ ತೆರೆದ ಖುಷಿಗೆ ಚಂದ್ರವ್ವ ಕೀತ್‌ಗೆ ಹದಿನಾರು ಶೇಂಗಾ ಹೋಳಿಗೆ ಅಂಚೆಯಲ್ಲಿ ಕಳಿಸಿದರು. ವಾರದ ನಂತರ ಅವು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಿಂದಿರುಗಿದವು. ಉಡುಗೊರೆಗಳ ಪುಸ್ತಕದಲ್ಲಿ ನಮೂದಿಸಿದ್ದೇವೆ, ಸ್ವೀಕರಿಸಲಾಗದು, ಕ್ಷಮಿಸಿ ಎಂಬ ಪತ್ರ ಜೊತೆಗಿತ್ತು. ಪೆಟ್ಟಿಗೆಯಲ್ಲಿ ಹದಿನೈದು ಇದ್ದವು. ಬೆಲೆ ಅಂದಾಜು ಮಾಡುವ ಸಲುವಾಗಿ ಒಂದನ್ನು ಇಟ್ಟುಕೊಳ್ಳಲಾಗಿತ್ತು.

ಅದೇ ದಿನಗಳಲ್ಲಿ ಡೊಮಿನಿಕ್ ಎಂಬವನು ತಾನಾಗಿಯೇ ಫೋನ್ ಮಾಡತೊಡಗಿದ. ಅವನು ಯಾವ ಅರ್ಜಿಯನ್ನೂ ತುಂಬಿಸಲಿಲ್ಲ. ಮುರಿಗೆಪ್ಪನವರನ್ನು ಅಂಕಲ್ ಎಂದು ಕರೆದ, ಚಂದ್ರವ್ವನ ಮೊಣಕಾಲು ನೋವು ವಿಚಾರಿಸಿದ. ಚಿನ್ನದ ಗಣಿಯೊಂದರ ಶೇರು ಎಂಬತ್ತು ಪೆನ್ಸ್‌ಗೆ ಸಿಗುತ್ತಿದೆ, ತಿಂಗಳೊಳಗೆ ಮೂರು ಪೌಂಡ್ ಆಗುವುದು ಖಚಿತ ಎಂದ. ಲುಕ್ಸಾನಿನ ಮಾತನ್ನೇ ಎತ್ತಲಿಲ್ಲ.

"ಅಪ್ಪಾ, ಹಿ ಈಸ್ ನಾಟ್ ಆನ್ ದ ರಿಜಿಸ್ಟರ್," ಎಂದಳು ಸೌಂದರ್ಯಾ.

"ರಿಜಿಸ್ಟರಿನಾಗ ಇಲ್ಲಂದ್ರ ಏನಾತು? ನಮ್ಮವ್ವನ ಹೆಸರೂ ಯಾವ ರಿಜಿಸ್ಟರಿನಾಗೂ ಇರಲಿಲ್ಲ."

"ಅಜ್ಜಿ ವಾಸ್ ನಾಟ್ ಸೆಲ್ಲಿಂಗ್ ಶೇರ್ಸ್!"

ಕೀತ್ ಮೂರನೆಯ ಸಲ ಊಟ ನಿರಾಕರಿಸಿದ ಆ ಮಂಗಳವಾರವೇ ಮುರಿಗೆಪ್ಪ ಡೊಮಿನಿಕ್‌ನ ಕಂಪನಿಯ ಹೆಸರಿಗೆ ಪೂರ್ತಿ ಒಂಬತ್ತು ಸಾವಿರದ ಚೆಕ್ ಬರೆದರು. ಆದರೆ ಅಂಚೆಗೆ ಹಾಕಲಿಲ್ಲ. ಮನೆಗೆ ಬಂದು ಉಂಡು ಕೈಯಾರೆ ಒಯ್ಯಬೇಕು ಎಂದು ಷರತ್ತು ಹಾಕಿದರು. ಡೊಮಿನಿಕ್ ಕೂಡಲೇ ಒಪ್ಪಿದ. "ಭಾನುವಾರ ಒಂದು ಗಂಟೆಗೆ, ಅಂಕಲ್. ಉಪವಾಸ ಇದ್ದೇ ಬರುತ್ತೇನೆ."

ಭಾನುವಾರ ಚಂದ್ರವ್ವ ಆರಕ್ಕೇ ಎದ್ದು ಜೋಳದ ರೊಟ್ಟಿ ಬಡಿದರು, ಎಣ್ಣೆಗಾಯಿ ಮಾಡಿದರು. ಮುರಿಗೆಪ್ಪ ಕೋಟು ಹಾಕಿಕೊಂಡು ಮುಂಬಾಗಿಲ ಹತ್ತಿರ ಕುರ್ಚಿ ಎಳೆದು ಕೂತರು. ಎರಡೂವರೆಯಾದರೂ ಯಾರೂ ಬರಲಿಲ್ಲ. ಮೂರಕ್ಕೆ ಮನೆಯವರೇ ಉಂಡರು. ಅತಿಥಿಯ ಪಾಲಿನ ಎಣ್ಣೆಗಾಯಿಯನ್ನು ಸೌಂದರ್ಯಾ ಮುಗಿಸಿದಳು.

ಸೋಮವಾರ ಡೊಮಿನಿಕ್ ಫೋನ್ ಮಾಡಿದ. ರೈಲು ಕೆಟ್ಟಿತ್ತಂತೆ. ಮುಂದಿನ ಭಾನುವಾರ ಖಂಡಿತ ಬರುತ್ತಾನಂತೆ. ಅಷ್ಟರೊಳಗೆ ದರ ಏರಿಬಿಡುತ್ತದೆ, ಚೆಕ್ಕನ್ನು ಇವತ್ತೇ ಅಂಚೆಗೆ ಹಾಕಿ ಎಂದ. ಮುರಿಗೆಪ್ಪ ಲಕೋಟೆ ಹುಡುಕತೊಡಗಿದರು.

"ಅಂವಗ ನಮ್ಮ ಮನಿ ಯಾವ ಓಣ್ಯಾಗ ಐತಿ ಗೊತ್ತೇನು?" ಎಂದರು ಚಂದ್ರವ್ವ.

ಮುರಿಗೆಪ್ಪ ನಿಂತರು. "ಇಲ್ಲ. ಫೋನ್ ನಂಬರ್ ಅಷ್ಟ ಗೊತ್ತು."

"ಅಡ್ರೆಸ್ ಕೇಳಲಾರದ ಊಟಕ್ಕ ಹೊಂಟಿದ್ನೇನು?"

"ಮರತಿರಬೇಕು."

"ಮರೀಲಿ. ಬರೂದಿಲ್ಲ ಅಂದಾಂವ ಬರಲಿಲ್ಲ. ಬರ್ತೀನಿ ಅಂದಾಂವನೂ ಬರಲಿಲ್ಲ. ಇಬ್ಬರೊಳಗ ಯಾರ ಮಾತು ನಡೀತು, ನೀವ ಹೇಳ್ರಿ."

ಮುರಿಗೆಪ್ಪನವರಿಗೆ ಹೆಂಡತಿಯ ವಾದದಲ್ಲಿ ತಪ್ಪು ಸಿಗಲಿಲ್ಲ. ಚೆಕ್ಕನ್ನು ನಾಲ್ಕು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದರು. ಹೊಸದಾಗಿ ಒಂದು ಸಾವಿರದ ಚೆಕ್ ಬರೆದು ಕೀತ್‌ನ ಕಂಪನಿಗೆ, ಗ್ರಾಹಕರ ಹಣಕ್ಕೆಂದೇ ಬೇರೆಯಾಗಿಟ್ಟ ಖಾತೆಗೆ ಕಳಿಸಿದರು. ಉಳಿದ ಎಂಟು ಸಾವಿರ ಬ್ಯಾಂಕಿನಲ್ಲೇ ಇರಲಿ ಎಂದು ಮಗಳು ಹೇಳಿದ್ದಕ್ಕೆ ಮೊದಲ ಸಲ ಎದುರಾಡಲಿಲ್ಲ.

ಚೆಕ್ ನಗದಾದ ಮೇಲೆ ಅವರು ಕೀತ್‌ಗೆ ಫೋನ್ ಮಾಡಿದರು. ಊಟದ ಮಾತೆತ್ತಲಿಲ್ಲ. ನೀರು ಸರಬರಾಜು ಕಂಪನಿಯೊಂದರ ಮುನ್ನೂರು ಶೇರು ಬೇಕು, ಒಂದಕ್ಕೆ ಮೂರು ಪೌಂಡ್ ಹತ್ತು ಪೆನ್ಸ್ ದಾಟಿದರೆ ಬೇಡ ಎಂದರು. ಕೀತ್ ಅದನ್ನು ಎರಡು ಸಲ ಓದಿ ಹೇಳಿ, ಹನ್ನೆರಡೂವರೆ ಪೌಂಡ್ ದಲಾಲಿ ಮತ್ತು ತೆರಿಗೆ ಬೇರೆ ಎಂದ.

"ಛಲೋ ಮಾಡಿದೆ ಅಂತೀರೇನು?" ಮುರಿಗೆಪ್ಪ ತಡೆಯಲಾರದೆ ಕನ್ನಡದಲ್ಲೇ ಕೇಳಿ, ಆಮೇಲೆ ಇಂಗ್ಲಿಷಿನಲ್ಲಿ ಕೇಳಿದರು.

"ಅದನ್ನು ಹೇಳುವಂತಿಲ್ಲ ಸರ್."

ಶೇರು ಮೂರು ಪೌಂಡ್ ಎಂಟು ಪೆನ್ಸ್‌ಗೆ ಸಿಕ್ಕಿತು. ಖರೀದಿಯ ಚೀಟಿ ಗುರುವಾರದ ಅಂಚೆಯಲ್ಲಿ ಬಂತು. ಮುಂದಿನ ಸೋಮವಾರದ ಹೊತ್ತಿಗೆ ಬೆಲೆ ಹದಿನಾಲ್ಕು ಪೆನ್ಸ್ ಇಳಿದಿತ್ತು; ಲುಕ್ಸಾನಿನ ವಿಷಯದಲ್ಲೂ ಕೀತ್‌ನ ಮಾತೇ ನಡೆದಿತ್ತು.